ಋತುವಿಗೊಂದು ಹುಳಿ: ಬೆಂಗಳೂರಿನ ಅಡುಗೆ ಮತ್ತು ಪಾನೀಯ

ಋತುಮಾನದ ಅಡುಗೆಯ ಮಾತು ಬಂದಾಗ ನಾವೆಲ್ಲ ಒಂದು ಪಟ್ಟಿಯನ್ನು ಒಪ್ಪಿಸುತ್ತೇವೆ: ಯುಗಾದಿಗೆ ಮಾವಿನಕಾಯಿ, ಮಳೆಗಾಲಕ್ಕೆ ನೇರಳೆ, ಮಾಗಿಗೆ ಅವರೆಕಾಯಿ. ಪಟ್ಟಿ ಸರಿಯಾಗಿಯೇ ಇದೆ, ಆದರೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಒಲೆಯ ಮುಂದೆ ನಿಂತವರಿಗೆ ಅದು ಹೆಚ್ಚು ದೂರ ದಾರಿ ತೋರಿಸುವುದಿಲ್ಲ. ಇಂದು ನಾನು ತಮ್ಮ ಮುಂದಿಡಬೇಕೆಂದಿರುವುದು ಅದಕ್ಕಿಂತ ಸಣ್ಣ, ಅದಕ್ಕಿಂತ ಉಪಯುಕ್ತವಾದ ಒಂದು ಸೂತ್ರ. ಬೆಂಗಳೂರಿನ ಸುತ್ತಲ ನೆಲ ಪ್ರತಿಯೊಂದು ಋತುವಿನಲ್ಲೂ ನಮಗೆ ಬೇರೊಂದು ಹುಳಿಯನ್ನು ಕೊಡುತ್ತದೆ. ಆ ಹುಳಿ ಯಾವುದೆಂದು ಮೊದಲು ಗೊತ್ತುಮಾಡಿಕೊಂಡರೆ ಆ ಕಾಲದ ಅಡುಗೆಯೂ ಆ ಕಾಲದ ಪಾನೀಯವೂ ಅದರ ಸುತ್ತ ತಾವಾಗಿಯೇ ಕೂಡಿಕೊಳ್ಳುತ್ತವೆ.

ಹುಳಿಯಿಂದಲೇ ಏಕೆ ಆರಂಭಿಸಬೇಕು? ನಮ್ಮ ಸಾರು, ಗೊಜ್ಜು, ಚಿತ್ರಾನ್ನ, ಪಾನಕಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಇವುಗಳಲ್ಲಿ ಹುಳಿ, ಸಿಹಿ, ಖಾರ, ಉಪ್ಪುಗಳ ನಡುವೆ ಒಂದು ಲೆಕ್ಕಾಚಾರವಿರುತ್ತದೆ, ಮತ್ತು ಆ ಲೆಕ್ಕವನ್ನು ನಿರ್ಧರಿಸುವುದು ಹುಳಿ. ಕಾಕ್‌ಟೇಲ್ ಎನ್ನುವುದರ ಬಹುದೊಡ್ಡ ಕುಟುಂಬವೊಂದು ಇದೇ ಲೆಕ್ಕದ ಮೇಲೆ ನಿಂತಿದೆ: ಎರಡು ಪಾಲು ಮದ್ಯ, ಒಂದು ಪಾಲು ಹುಳಿ, ಒಂದಕ್ಕಿಂತ ತುಸು ಕಡಿಮೆ ಸಿಹಿ. ಜಗತ್ತಿನ ಯಾವ ಬಾರ್‌ಗೆ ಹೋದರೂ ಆ ಒಂದು ಪಾಲು ಹುಳಿಯ ಜಾಗದಲ್ಲಿ ನಿಂಬೆಯೇ ಕುಳಿತಿರುತ್ತದೆ. ನಮ್ಮ ನಗರದಲ್ಲೂ ಹಾಗೆಯೇ. ಆ ನಿಂಬೆಯ ಬಹುಪಾಲು ವಿಜಯಪುರ ಜಿಲ್ಲೆಯ ಇಂಡಿಯಂತಹ ಕಡೆಗಳಿಂದ, ಅಂದರೆ 500 ಕಿಲೋಮೀಟರಿಗೂ ದೂರದಿಂದ ಲಾರಿಯಲ್ಲಿ ಬರುತ್ತದೆ. ಬೇಸಿಗೆಯಲ್ಲಿ, ನಮಗೆ ಅದು ಹೆಚ್ಚು ಬೇಕಾದ ಹೊತ್ತಿನಲ್ಲೇ, ಅದರ ಬೆಲೆ ಏರುತ್ತದೆ. ಅದೇ ಏಪ್ರಿಲ್ ತಿಂಗಳಲ್ಲಿ ರಾಮನಗರ, ಚನ್ನಪಟ್ಟಣಗಳ ಮಾವಿನಕಾಯಿ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ. ಬಾರ್‌ಟೆಂಡರ್ ಆದವರು ದುಬಾರಿ ನಿಂಬೆಯನ್ನು ಹಿಂಡುತ್ತ, ಗಾಜಿನ ಅಂಚಿಗೆ ಒಂದು ಕರಿಬೇವಿನ ಎಸಳನ್ನು ಸಿಕ್ಕಿಸಿ ಅದಕ್ಕೆ ‘ಸ್ಥಳೀಯ’ ಎಂದು ಹೆಸರಿಡುವುದನ್ನು ಕಂಡಾಗ ನನಗೆ ಸ್ವಲ್ಪ ಬೇಸರವೇ ಆಗುತ್ತದೆ.

‘ಸ್ಥಳೀಯ’ ಎಂಬ ಮಾತಿನ ಬಗ್ಗೆ ಇಲ್ಲಿಯೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಬಾಟಲಿಯೊಳಗಿನ ಮದ್ಯ ಸಂಪೂರ್ಣವಾಗಿ ಸ್ಥಳೀಯವಾಗಿರುವುದು ಅಪರೂಪ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಡಿಸ್ಟಿಲರಿಯು 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಅದು ನಮ್ಮ ಊರಿನ ಹವೆಯಲ್ಲಿ ಮಾಗಿದ ವಿಸ್ಕಿ ಎನ್ನುವುದು ನಿಜ, ಆದರೆ ಅದರ ಬಾರ್ಲಿ ಉತ್ತರ ಭಾರತದ್ದು. ಜಿನ್‌ಗೆ ಬೇಕಾದ ಜೂನಿಪರ್ ಕಾಯಿ ನಮ್ಮ ಬಯಲುಸೀಮೆಯಲ್ಲಿ ಬೆಳೆಯುವುದೇ ಇಲ್ಲ. ಆದ್ದರಿಂದ ಮದ್ಯದ ವಿಚಾರದಲ್ಲಿ ಶುದ್ಧತೆಯ ಹಟ ಬೇಡ. ಗಾಜಿನೊಳಗೆ ಸೇರುವ ಹುಳಿ, ಬೆಲ್ಲ, ಕಹಿ, ಉಪ್ಪುನೀರುಗಳನ್ನು ನಾವು ಸುತ್ತಲ ಜಿಲ್ಲೆಗಳಿಂದ ತಂದುಕೊಳ್ಳಬಹುದು, ಅಷ್ಟಾದರೆ ಸಾಕು. ನಾನು ಹೇಳುವ ಪಾನೀಯಗಳಲ್ಲಿ ಬಹುಪಾಲನ್ನು ಮದ್ಯವಿಲ್ಲದೆಯೂ ಮಾಡಬಹುದು. ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ ಎಂಬುದನ್ನೂ ಮನೆಯಲ್ಲಿ ಅತಿಥಿಗಳಿಗೆ ಬಡಿಸುವವರು ನೆನಪಿನಲ್ಲಿಡಬೇಕು.

ನಮ್ಮ ವರ್ಷ ಆರಂಭವಾಗುವುದು ಯುಗಾದಿಯಿಂದ, ಹಾಗಾಗಿ ಮಾವಿನಕಾಯಿಯಿಂದಲೇ ಹೊರಡೋಣ. ಮಾವಿನಕಾಯಿಗಳೆಲ್ಲ ಒಂದೇ ಅಲ್ಲ. ತೋತಾಪುರಿ ಕಾಯಿಯಾಗಿದ್ದಾಗಲೂ ಅಷ್ಟು ಹುಳಿ ಇರುವುದಿಲ್ಲ. ಅದಕ್ಕೇ ತಳ್ಳುಗಾಡಿಯವರು ಅದನ್ನು ಹೂವಿನಂತೆ ಸೀಳಿ, ಉಪ್ಪುಖಾರ ಸವರಿ ಮಾರುತ್ತಾರೆ; ನಾವು ಬರಿಬಾಯಲ್ಲಿ ತಿನ್ನುತ್ತೇವೆ. ಪಾನೀಯಕ್ಕೂ ಗೊಜ್ಜಿಗೂ ಬೇಕಾದದ್ದು ನಾಟಿ ಕಾಯಿ, ಕಚ್ಚಿದರೆ ಹಲ್ಲು ಚಳಿಯುವಂಥದ್ದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುತ್ತಾರೆ. ಆ ಮಳೆಯ ಜೊತೆಗೆ ಬರುವ ಗಾಳಿಗೆ ತೋಟಗಳಲ್ಲಿ ಕಾಯಿ ಉದುರುತ್ತದೆ, ಆ ಉದುರುಕಾಯಿ ಅಗ್ಗದ ಬೆಲೆಗೆ ನಗರಕ್ಕೆ ಬರುತ್ತದೆ. ಪೆಟ್ಟು ಬಿದ್ದ ಕಾಯಿ ಉಪ್ಪಿನಕಾಯಿಗೆ ಆಗದಿದ್ದರೂ ಪಾನಕಕ್ಕೆ ಚೆನ್ನಾಗಿಯೇ ಆಗುತ್ತದೆ.

ಮಾವಿನಕಾಯಿ ಚಿತ್ರಾನ್ನದಲ್ಲಿ ಗಮನಿಸಬೇಕಾದ ಒಂದು ಕೈಚಳಕವಿದೆ. ತುರಿದ ಕಾಯಿಯಲ್ಲಿ ಅರ್ಧವನ್ನು ತೆಂಗಿನತುರಿ, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿಗಳೊಂದಿಗೆ ರುಬ್ಬಿ ಒಗ್ಗರಣೆಯಲ್ಲಿ ಬಾಡಿಸುತ್ತೇವೆ. ಉಳಿದರ್ಧವನ್ನು ಒಲೆ ಆರಿಸಿದ ಮೇಲೆ ಹಸಿಯಾಗಿಯೇ ಅನ್ನಕ್ಕೆ ಕಲಸುತ್ತೇವೆ. ಬೆಂದ ಭಾಗ ಹುಳಿಯನ್ನು ಅನ್ನದ ತುಂಬ ಹರಡುತ್ತದೆ, ಹಸಿ ಭಾಗ ಪರಿಮಳವನ್ನು ಉಳಿಸುತ್ತದೆ. ಪಾನೀಯಕ್ಕೂ ಇದೇ ಕ್ರಮ ಸಲ್ಲುತ್ತದೆ. ಎರಡು ನಾಟಿ ಕಾಯಿಗಳನ್ನು ಸಿಪ್ಪೆಸಹಿತ ಬೇಯಿಸಿ, ಆರಿದ ಮೇಲೆ ತಿರುಳನ್ನು ಹಿಸುಕಿ ತೆಗೆದು, ಅದಕ್ಕೆ ಒಂದು ಚಮಚದಷ್ಟು ಹಸಿ ತುರಿಯನ್ನು ಬೆರೆಸಿ ಸೋಸಿಕೊಳ್ಳಿ. ಈ ತಿರುಳು 30 ಮಿಲಿಲೀಟರ್, ಸಮಪಾಲು ನೀರಿನಲ್ಲಿ ಕರಗಿಸಿ ಸೋಸಿದ ಮಂಡ್ಯದ ಬೆಲ್ಲದ ಪಾಕ 20, ಜಿನ್ 45. ಇವನ್ನು ಮಂಜುಗಡ್ಡೆಯೊಂದಿಗೆ ಜೋರಾಗಿ ಕುಲುಕಿ, ದೊಡ್ಡ ಕಣ್ಣಿನ ಜಾಲರಿಯಲ್ಲಿ ಸೋಸಿ, ಮೇಲೆ ಸ್ವಲ್ಪ ಸೋಡಾ ಸುರಿಯಿರಿ. ಜಿನ್ ಬೇಡವಾದವರು ಅದನ್ನು ಬಿಟ್ಟು ಸೋಡಾವನ್ನು ಹೆಚ್ಚಿಸಿಕೊಂಡು, ಹುರಿದು ಕುಟ್ಟಿದ ಕಾಳುಮೆಣಸು ಮತ್ತು ಉಪ್ಪನ್ನು ಒಂದೊಂದು ಚಿಟಿಕೆ ಸೇರಿಸಿದರೆ ಆಯಿತು.

ಯುಗಾದಿಯ ಕಹಿಯನ್ನೂ ಮರೆಯಬಾರದು. ಕಾಕ್‌ಟೇಲ್‌ಗಳಲ್ಲಿ ಬಳಸುವ ಬಿಟರ್ಸ್ ಎಂಬ ಕಹಿಹನಿಗಳ ಕೆಲಸವನ್ನು ಒಣಗಿದ ಬೇವಿನ ಹೂವು ಸಲೀಸಾಗಿ ಮಾಡುತ್ತದೆ. ಒಂದು ಚಮಚ ಹೂವನ್ನು ಅರ್ಧ ಲೋಟ ವೋಡ್ಕಾದಲ್ಲಿ ಕೆಲವು ಗಂಟೆ ನೆನೆಸಿ, ಆಗಾಗ್ಗೆ ರುಚಿ ನೋಡುತ್ತ, ಕಹಿ ನಾಲಗೆಗೆ ಸ್ಪಷ್ಟವಾದೊಡನೆ ಸೋಸಿಬಿಡಬೇಕು. ರಾತ್ರಿಯಿಡೀ ಬಿಟ್ಟರೆ ಹೂವಿನ ಪರಿಮಳ ಹೋಗಿ ಬರಿಯ ಕಹಿ ಉಳಿಯುತ್ತದೆ. ಮೇಲಿನ ಮಾವಿನ ಪಾನೀಯಕ್ಕೆ ಇದರ ಎರಡು ಹನಿ ಹಾಕಿದರೆ ಬೇವು ಬೆಲ್ಲ ಎರಡೂ ಒಂದೇ ಗಾಜಿನಲ್ಲಿ ಸಿಗುತ್ತವೆ.

ಯುಗಾದಿಯ ಬೆನ್ನಿಗೇ ರಾಮನವಮಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ 1939ರಿಂದ ನಡೆದುಕೊಂಡು ಬಂದಿದೆ. ಆ ದಿನಗಳಲ್ಲಿ ಹಳೆಯ ಬಡಾವಣೆಗಳ ಬೀದಿಬೀದಿಗಳಲ್ಲಿ ಪೆಂಡಾಲು ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ನಮ್ಮ ನಾಡಿನ ಪಾನೀಯಗಳಲ್ಲಿ ಪಾನಕಕ್ಕಿಂತ ಸಮತೂಕದ ರಚನೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಎರಡು ನಿಂಬೆಹಣ್ಣಿನ ರಸ, ಅರ್ಧ ಚಮಚ ಶುಂಠಿಪುಡಿ, ಕಾಲು ಚಮಚ ಮೆಣಸಿನಪುಡಿ, ನಾಲ್ಕು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಇಲ್ಲಿ ಮೆಣಸು ಎಂದರೆ ಕಾಳುಮೆಣಸು. ಕೆಂಪು ಮೆಣಸಿನಪುಡಿ ಹಾಕಿ ಕಂಗಾಲಾದವರನ್ನು ಕಂಡಿದ್ದೇನೆ, ಆದ್ದರಿಂದ ಬಿಡಿಸಿ ಹೇಳಿದೆ. ಶುಂಠಿಯನ್ನು ಮೊದಲೇ ಬೆಲ್ಲದ ನೀರಿನಲ್ಲಿ ನೆನೆಯಬಿಟ್ಟು, ನಿಂಬೆಯನ್ನು ಹಂಚುವ ಹೊತ್ತಿಗೆ ಹಿಂಡಬೇಕು. ಮೊದಲೇ ಹಿಂಡಿಟ್ಟರೆ ರಸದ ಹೊಸತನ ಇಳಿದುಹೋಗುತ್ತದೆ. ಇದಕ್ಕೆ ರಮ್ ಸೇರುತ್ತದೆಯೇ ಎಂದು ಕೇಳುವವರಿದ್ದಾರೆ. ಬೆಲ್ಲಕ್ಕೂ ರಮ್‌ಗೂ ಕಬ್ಬೇ ಮೂಲವಾದ್ದರಿಂದ ರುಚಿಯ ಮಟ್ಟಿಗೆ ಖಂಡಿತ ಸೇರುತ್ತದೆ. ಆದರೆ ಪ್ರಸಾದವಾಗಿ ಹಂಚುವ ಪಾನೀಯದ ಹೆಸರನ್ನು ಅದಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಬೇರೆ ಹೆಸರಿಡಿ, ಯಾರ ತಕರಾರೂ ಇರುವುದಿಲ್ಲ.

ಜೂನ್ ಹೊತ್ತಿಗೆ ಮಾವಿನಕಾಯಿ ಮುಗಿದು ಹಣ್ಣಾಗಿರುತ್ತದೆ. ಹಣ್ಣಿನ ವಿಷಯವನ್ನು ಬೇಗ ದಾಟಿಬಿಡುತ್ತೇನೆ. ಒಳ್ಳೆಯ ಬಾದಾಮಿಯನ್ನೋ ರಸಪುರಿಯನ್ನೋ ಕಾಕ್‌ಟೇಲ್‌ಗೆ ಹಾಕುವುದು ಹಣ್ಣಿಗೂ ನಷ್ಟ, ಮದ್ಯಕ್ಕೂ ನಷ್ಟ. ಅದನ್ನು ಕತ್ತರಿಸಿಕೊಂಡು ತಿನ್ನಿ, ಸೀಕರಣೆ ಮಾಡಿ.

ಮಳೆಗಾಲದ ಹುಳಿ ಎರಡು ಕಡೆಯಿಂದ ಬರುತ್ತದೆ. ಒಂದು, ಕೋಲಾರದ ಟೊಮೆಟೊ. ಅದರ ಬೆಲೆಯ ಏರಿಳಿತ ತಮಗೆಲ್ಲ ಗೊತ್ತಿರುವುದೇ. ಬೆಲೆ ಇಳಿದಾಗ ಒಂದು ಕಿಲೋ ಹಣ್ಣನ್ನು ಉಪ್ಪು ಹಾಕಿ ಕಿವುಚಿ, ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್‌ನೊಳಗೆ ಒಂದು ಪಾತ್ರೆಯ ಮೇಲೆ ತೂಗುಬಿಡಿ, ಹಿಂಡಬೇಡಿ. ಬೆಳಿಗ್ಗೆ ಪಾತ್ರೆಯಲ್ಲಿ ಹೆಚ್ಚುಕಡಿಮೆ ಬಣ್ಣವಿಲ್ಲದ ತಿಳಿನೀರು ಸಂಗ್ರಹವಾಗಿರುತ್ತದೆ, ರುಚಿಯೆಲ್ಲ ಅದರಲ್ಲೇ ಇರುತ್ತದೆ. ಜಜ್ಜಿದ ಮೆಣಸು, ಜೀರಿಗೆ, ಕೊತ್ತಂಬರಿ ದಂಟುಗಳನ್ನು ಅದರಲ್ಲಿ ಅರ್ಧ ಗಂಟೆ ನೆನೆಸಿ ಸೋಸಿದರೆ ತಣ್ಣನೆಯ ತಿಳಿಸಾರು ಸಿದ್ಧ. ಇದರ 90 ಮಿಲಿಲೀಟರಿಗೆ 45 ವೋಡ್ಕಾ ಸೇರಿಸಬಹುದು. ಬಟ್ಟೆಯಲ್ಲಿ ಉಳಿದ ಗಟ್ಟಿಯನ್ನು ಎಸೆಯದೆ ಗೊಜ್ಜು ಮಾಡಿಕೊಳ್ಳಿ.

ಎರಡನೆಯದು ನೇರಳೆ. ಇದರಲ್ಲಿ ಹುಳಿಗಿಂತ ಒಗರು ಹೆಚ್ಚು. ಬೀಜ ಬಿಡಿಸಿದ ಅರ್ಧ ಕಿಲೋ ಹಣ್ಣಿಗೆ ಮೂರು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಸಿಮಾಡಿ ಸೋಸಬೇಕು. ಬೀಜಸಹಿತ ಮಿಕ್ಸಿಗೆ ಹಾಕಿದರೆ ಕಹಿ ಇಳಿಯುತ್ತದೆ. ಈ ರಸಕ್ಕೆ ನಿಂಬೆಯ ನಾಲ್ಕು ಹನಿ ಬಿದ್ದೊಡನೆ ಮಂಕಾದ ನೇರಳೆ ಬಣ್ಣ ಕೆಂಪಿಗೆ ತಿರುಗುವುದನ್ನು ನೋಡಬಹುದು. ಹಣ್ಣಿನ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್‌ಗಳು ಹುಳಿಯ ಸಂಗದಲ್ಲಿ ಕೆಂಪಾಗುತ್ತವೆ. ಜಿನ್ ಮತ್ತು ಟಾನಿಕ್ ನೀರಿನೊಂದಿಗೆ ಇದು ಚೆನ್ನಾಗಿ ಹೊಂದುತ್ತದೆ.

ಮಳೆಗಾಲದ ಊಟದ ಮಾತು ಬಂದರೆ ಬೆರಕೆ ಸೊಪ್ಪಿನ ಬಸ್ಸಾರನ್ನು ಬಿಡುವಂತಿಲ್ಲ. ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿ ಮುಂತಾದ ಸೊಪ್ಪುಗಳು ಮಳೆ ಬಿದ್ದ ಹೊಲದ ಬದುಗಳಲ್ಲಿ ತಾವಾಗಿಯೇ ಚಿಗುರುತ್ತವೆ. ಸುತ್ತಲಿನ ಹಳ್ಳಿಗಳ ಹೆಂಗಸರು ಅವನ್ನು ಮೂಟೆ ಕಟ್ಟಿ ಮಾರುಕಟ್ಟೆಗೆ ತರುತ್ತಾರೆ. ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೆಂದೊಡನೆ ಕಟ್ಟನ್ನು ಬಸಿದು, ಆ ಕಟ್ಟಿಗೆ ರುಬ್ಬಿದ ಖಾರ ಸೇರಿಸಿ ಕುದಿಸಿದರೆ ಸಾರು, ಬಸಿದ ಸೊಪ್ಪುಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇಲ್ಲಿ ಹುಣಸೆಹುಳಿಯ ಸರದಿ ಬರುವುದು ಬಸಿದ ಮೇಲೆಯೇ, ಅದಕ್ಕೆ ಎರಡು ಕಾರಣಗಳಿವೆ. ಹುಳಿಯಲ್ಲಿ ಬೆಂದ ಸೊಪ್ಪಿನ ಹಸಿರು ಕಂದಿ ಪಾಚಿಬಣ್ಣಕ್ಕೆ ತಿರುಗುತ್ತದೆ. ಹುಳಿ ಬಿದ್ದ ನೀರಿನಲ್ಲಿ ಬೇಳೆಯೂ ಬೇಗ ಬೇಯುವುದಿಲ್ಲ, ಏಕೆಂದರೆ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಆಮ್ಲದಲ್ಲಿ ಸುಲಭವಾಗಿ ಕರಗದು. ‘ಬೇಳೆ ಬೇಯುವ ಮುಂಚೆ ಹುಳಿ ಹಾಕಬೇಡ’ ಎಂದು ಮನೆಯ ಹಿರಿಯರು ಗದರುತ್ತಿದ್ದುದರ ಹಿಂದಿನ ರಸಾಯನಶಾಸ್ತ್ರ ಇಷ್ಟೇ.

ಗೌರಿ-ಗಣೇಶ ಹಬ್ಬದ ಹೊತ್ತಿಗೆ ಹಣ್ಣಿನ ಅಂಗಡಿಗಳಲ್ಲಿ ಚಕ್ಕೋತ ಕಾಣಿಸಿಕೊಳ್ಳುತ್ತದೆ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಅದೇ ದೇವನಹಳ್ಳಿಯಲ್ಲಿ 2008ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನೆಲದ ಬೆಲೆ ಏರಿ, ಚಕ್ಕೋತದ ಮರಗಳು ಕಡಿಮೆಯಾದವು. ವಿಮಾನದಲ್ಲಿ ಬಂದಿಳಿದ, ಗ್ರೇಪ್‌ಫ್ರೂಟ್ ಎಂಬ ಹುಳಿಗಹಿ ಹಣ್ಣಿನ ರಸವನ್ನು ಡಬ್ಬದಿಂದ ಸುರಿಯುವ ಬಾರ್‌ಗಳಿಗೆ, ಆ ವಿಮಾನ ಇಳಿದ ಊರಿನಲ್ಲೇ ಅದರ ದೊಡ್ಡ ಸಂಬಂಧಿಯೊಂದು ಮರದಲ್ಲಿ ತೂಗುತ್ತಿದೆ ಎಂಬುದು ತಿಳಿದಿರಬೇಕು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಗಳ ಬೆರಕೆಯಿಂದ.

ಚಕ್ಕೋತವನ್ನು ಬಿಡಿಸುವುದರಲ್ಲೇ ಅರ್ಧ ಕೆಲಸವಿದೆ. ದಪ್ಪ ಸಿಪ್ಪೆಯನ್ನೂ ಅದರಡಿಯ ಸ್ಪಂಜಿನಂತಹ ಬಿಳಿ ಪದರವನ್ನೂ ತೆಗೆದ ಮೇಲೆ, ಒಂದೊಂದು ತೊಳೆಯ ಪೊರೆಯನ್ನೂ ಸುಲಿದು, ಒಳಗಿನ ಎಸಳುಗಳನ್ನು ಒಡೆಯದಂತೆ ಉದುರಿಸಿಕೊಳ್ಳಬೇಕು. ಪೊರೆ ಉಳಿದರೆ ಕಹಿ. ಈ ಎಸಳುಗಳಿಗೆ ನೆನೆಸಿದ ಹೆಸರುಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ, ತೆಂಗಿನತುರಿ ಸೇರಿಸಿ ಸಾಸಿವೆ-ಇಂಗಿನ ಒಗ್ಗರಣೆ ಕೊಟ್ಟರೆ ನಿಂಬೆ ಹಿಂಡುವ ಅಗತ್ಯವಿಲ್ಲದ ಕೋಸಂಬರಿಯಾಗುತ್ತದೆ. ಪಾನೀಯಕ್ಕೆ ಮಾತ್ರ ಇದರ ಹುಳಿ ಸಾಲದು. 60 ಮಿಲಿಲೀಟರ್ ಚಕ್ಕೋತದ ರಸಕ್ಕೆ 10 ನಿಂಬೆರಸ, 45 ಜಿನ್ ಸೇರಿಸಿ, ಗಾಜಿನ ಅಂಚಿಗೆ ಉಪ್ಪು ಸವರಿ ಕೊಡಿ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಇಲ್ಲೊಂದು ಎಚ್ಚರಿಕೆ: ಗ್ರೇಪ್‌ಫ್ರೂಟ್‌ನಂತೆಯೇ ಚಕ್ಕೋತವೂ ಕೆಲವು ಔಷಧಗಳು ದೇಹದಲ್ಲಿ ಕರಗುವ ವೇಗವನ್ನು ಬದಲಿಸಬಲ್ಲದು. ಕೊಲೆಸ್ಟರಾಲ್‌ಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಕೊಂಡು ತಿನ್ನುವುದು ಕ್ಷೇಮ.

ಈಗ ಅವರೆಕಾಯಿ. ಡಿಸೆಂಬರ್ ಮತ್ತು ಜನವರಿಯಲ್ಲಿ ಈ ನಗರದ ಅಡುಗೆಮನೆಗಳು ಬೇರೆ ಯಾವುದಕ್ಕೂ ಪುರುಸೊತ್ತು ಕೊಡುವುದಿಲ್ಲ. ಹಳೆಯ ತಳಿಗಳು ಹಗಲು ಕಿರಿದಾದಾಗ ಮಾತ್ರ ಹೂಬಿಡುತ್ತವೆ, ಆದ್ದರಿಂದಲೇ ಅದು ಮಾಗಿಯ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಉದ್ದವನ್ನು ಲೆಕ್ಕಿಸದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ ತಳಿಗಳನ್ನು ಕೊಟ್ಟ ಮೇಲೆ ವರ್ಷದ ಬೇರೆ ಕಾಲದಲ್ಲೂ ಕಾಯಿ ಸಿಗುತ್ತಿದೆ. ರೈತರಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೂ ಮಾಗಿಯ ಚಳಿಯಲ್ಲಿ ಬಂದ ಸೊಗಡವರೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಾಯಿಯ ಮೇಲೆ ಎಣ್ಣೆಯಂತಹ ತೆಳು ಅಂಟು. ಸುಲಿಯತೊಡಗಿದ ಐದು ನಿಮಿಷಕ್ಕೆ ಬೆರಳ ತುದಿ ಕಪ್ಪಾಗಿ, ಆ ಘಮ ಸಾಬೂನಿಗೂ ಬಗ್ಗದೆ ಸಂಜೆಯವರೆಗೆ ಉಳಿಯುತ್ತದೆ. ನಗರದ ಅವರೆಬೇಳೆ ಮೇಳದಲ್ಲಿ ಹೆಸರಾದ ಹಿತಕಿದ ಬೇಳೆಯನ್ನು ಮನೆಯಲ್ಲಿ ಮಾಡುವುದಾದರೆ, ಸುಲಿದ ಕಾಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೊಳಕೆಯ ತುದಿಯತ್ತ ಒತ್ತಬೇಕು. ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಮನೆಮಂದಿಯೆಲ್ಲ ಕೂತರೆ ಮಾತ್ರ ಮುಗಿಯುವ ಕೆಲಸವಿದು.

ಇದರ ಸಾರಿಗೆ ತೆಂಗಿನಕಾಯಿ, ಹುರಿಗಡಲೆ, ಕೊತ್ತಂಬರಿ, ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ, ಲವಂಗಗಳ ಮಸಾಲೆ ಸಾಕು. ಹುಳಿಯನ್ನು ಇಲ್ಲಿ ಕೈತಡೆದು ಹಾಕಬೇಕು. ಹುಣಸೆ ಹೆಚ್ಚಾದರೆ ಸೊಗಡು ಮುಚ್ಚಿಹೋಗುತ್ತದೆ. ಋತುವಿಗೊಂದು ಹುಳಿ ಎಂದು ಹೇಳುತ್ತ ಬಂದ ನಾನು ಇಲ್ಲಿ ಹುಳಿ ಬೇಡವೆನ್ನುವುದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಊಟದೊಳಗೆ ಬೇಡವಾದ ಹುಳಿಯನ್ನು ಪಕ್ಕದಲ್ಲಿ, ಗಾಜಿನಲ್ಲಿ ಇಡಬಹುದಲ್ಲ. ಅದಕ್ಕೆ ಅದೇ ಕಾಲದ ಬೆಟ್ಟದ ನೆಲ್ಲಿಕಾಯಿ ಇದೆ. ಉತ್ಥಾನ ದ್ವಾದಶಿಯ ತುಳಸಿ ಪೂಜೆಗೆ ಕಾಯಿಸಹಿತ ನೆಲ್ಲಿಕೊಂಬೆ ತರುವ ವೇಳೆಯಿಂದ ಅದರ ಸುಗ್ಗಿ. ಅರ್ಧ ಕಿಲೋ ಕಾಯಿಯನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರು, 90 ಗ್ರಾಂ ಉಪ್ಪು, ನಾಲ್ಕು ಹಸಿಮೆಣಸಿನಕಾಯಿಗಳೊಂದಿಗೆ ಜಾಡಿಯಲ್ಲಿಟ್ಟು ಎರಡು ಮೂರು ವಾರ ಬಿಟ್ಟರೆ ಕಾಯಿ ಮೊಸರನ್ನಕ್ಕೆ, ನೀರು ಪಾನೀಯಕ್ಕೆ. ಪಾಶ್ಚಾತ್ಯರು ಮಾರ್ಟಿನಿ ಎಂಬ ಕಾಕ್‌ಟೇಲ್‌ಗೆ ಆಲಿವ್‌ನ ಉಪ್ಪುನೀರು ಬೆರೆಸುತ್ತಾರಲ್ಲ, ಅದರ ಜಾಗದಲ್ಲಿ ಇದರ 10 ಮಿಲಿಲೀಟರನ್ನು 60 ಜಿನ್ ಮತ್ತು 10 ಡ್ರೈ ವರ್ಮೌತ್‌ನೊಂದಿಗೆ (ಗಿಡಮೂಲಿಕೆ ಬೆರೆಸಿದ ವೈನ್) ಮಂಜುಗಡ್ಡೆಯ ಮೇಲೆ ಸುರಿದು, ಉದ್ದ ಚಮಚದಿಂದ ಅರ್ಧ ನಿಮಿಷ ಕಲಕಿ ಸೋಸಿ. ಹಣ್ಣಿನ ರಸವಿರುವ ಪಾನೀಯವನ್ನು ಕುಲುಕಬೇಕು, ಇಲ್ಲದ್ದನ್ನು ಕಲಕಬೇಕು ಎಂಬುದು ಸಾಮಾನ್ಯ ನಿಯಮ. ಜೊತೆಗೆ ಎಣ್ಣೆಯಲ್ಲಿ ಕರಿದು ಉಪ್ಪು, ಖಾರ, ಕರಿಬೇವು ಬೆರೆಸಿದ ಹಿತಕಿದ ಬೇಳೆಯಿರಲಿ. ಗೋಡಂಬಿಯನ್ನು ಮರೆಸುವ ತಿನಿಸು ಅದು.

ಫೆಬ್ರವರಿಯಲ್ಲಿ ಬಿಸಿಲು ಬಲಿಯುವ ಹೊತ್ತಿಗೆ ನೀಲಿದ್ರಾಕ್ಷಿ ಬರುತ್ತದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಬೆಳೆಯುವ ಬೆಂಗಳೂರು ಬ್ಲೂ ತಳಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ಅಂದಹಾಗೆ, ಇಂದು ನಮಗೆ ಹಾಪ್‌ಕಾಮ್ಸ್ ಎಂದು ಪರಿಚಿತವಾಗಿರುವ ಸಂಸ್ಥೆ 1959ರಲ್ಲಿ ಹುಟ್ಟಿದ್ದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ. ಬೀಜ ಬೇಡ, ದಪ್ಪ ಸಿಪ್ಪೆ ಬೇಡ ಎನ್ನುವ ಗಿರಾಕಿಗಳು ಈ ಹಣ್ಣನ್ನು ಕಡೆಗಣಿಸುತ್ತಾರೆ. ನನ್ನ ಮಟ್ಟಿಗೆ ಅದರ ಸಿಪ್ಪೆಯಲ್ಲೇ ಗುಣವಿದೆ: ಘಾಟಾದ ಪರಿಮಳ, ಕಡುಬಣ್ಣ, ಒಗರು ಎಲ್ಲವೂ ಅಲ್ಲಿಯೇ. ಎಳ್ಳು, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಹುರಿದು ರುಬ್ಬಿ, ಬೆಲ್ಲ ಸೇರಿಸಿ ಇದರ ಗೊಜ್ಜು ಮಾಡಿದರೆ ಹುಣಸೆಹುಳಿಯನ್ನು ಅರ್ಧಕ್ಕೆ ಇಳಿಸಬಹುದು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯಲ್ಲೂ ಇರುವುದರಿಂದ ಎರಡೂ ಹುಳಿಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ.

ಪಾನೀಯಕ್ಕಾದರೆ, ಉಪ್ಪುನೀರಿನಲ್ಲಿ ತೊಳೆದ ಅರ್ಧ ಕಿಲೋ ಹಣ್ಣನ್ನು 200 ಗ್ರಾಂ ಸಕ್ಕರೆಯೊಂದಿಗೆ ಕೈಯಿಂದ ಕಿವುಚಿ, ಮುಚ್ಚಿ ಒಂದು ದಿನ ಫ್ರಿಜ್‌ನಲ್ಲಿಟ್ಟು, ಮರುದಿನ ಸಿಪ್ಪೆ ಬೀಜಗಳನ್ನು ಸೋಸಿ 150 ಮಿಲಿಲೀಟರ್ ವಿನೆಗರ್ ಬೆರೆಸಿ. ಬೆಲ್ಲ ಹಾಕಿದರೆ ಬಣ್ಣ ಕಂದುತ್ತದೆ, ಆದ್ದರಿಂದ ಇಲ್ಲಿ ಸಕ್ಕರೆಯೇ ಸರಿ. ಇದರ 30 ಮಿಲಿಲೀಟರಿಗೆ ತಣ್ಣನೆಯ ಸೋಡಾ ಸುರಿದರೆ ಮಕ್ಕಳಿಗೂ ಇಷ್ಟವಾಗುತ್ತದೆ. ದೊಡ್ಡವರ ಗಾಜಿಗೆ 45 ರಮ್ ಸೇರಿಸಬಹುದು. ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರಗಳೊಳಗೆ ಮುಗಿಸಿ, ನಡುವೆ ಯಾವಾಗಲಾದರೂ ಬಾಟಲಿಯ ಕತ್ತಿನಲ್ಲಿ ಗುಳ್ಳೆ ಏಳತೊಡಗಿದ್ದು ಕಂಡರೆ ಚೆಲ್ಲಿಬಿಡಿ.